ಶಿವರಂಜಿನಿಯ ಹಾಡು ಹಿಟ್ ಆದ ಬಗೆ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಶಿವರಂಜಿನಿಗೆ ಟೋಕನ್ ಕೂಗುವ ಕೆಲಸ. ಚೀಟಿ ಬರೆಯುವುದು, ರಿಪೋರ್ಟು ಹುಡುಕಿ ಕೊಡುವುದು ಇವೆಲ್ಲ ಇದ್ದರೂ ಡಾಕ್ಟರು ಅವಳನ್ನು ಸೇರಿಸಿಕೊಂಡದ್ದು ಗಂಟಲು ನೋಡಿಯೇ. ಹಿಂದೆ ಇದ್ದ ಹುಡುಗಿ 'ಹದಿನೇಳು' ಅಂದರೆ ಎದುರು ಬೆಂಚಿನವರಿಗೂ ಕೇಳುತ್ತಿರಲಿಲ್ಲ. ಶಿವರಂಜಿನಿ 'ಹದಿನೇಳು' ಅಂದರೆ ರಸ್ತೆಯಾಚೆಯ ಬೇಕರಿಯಲ್ಲಿ ಬನ್ ತಿನ್ನುತ್ತಿದ್ದ ಹದಿನೇಳನೆಯವನು ಬನ್ನನ್ನು ಅರ್ಧಕ್ಕೇ ಬಿಟ್ಟು ಎದ್ದು ಬರುತ್ತಿದ್ದ.

ಆದರೆ ಅವಳು ಹುಟ್ಟಿದ್ದು ಟೋಕನ್ ಕೂಗುವುದಕ್ಕಲ್ಲ. ಹಾಗಂತ ಅವಳಿಗೆ ಖಾತ್ರಿಯಿತ್ತು, ಅದಕ್ಕೆ ಹೆಸರೇ ಸಾಕ್ಷಿಯಾಗಿತ್ತು. ಅಪ್ಪ ಚಿಕ್ಕಬೀರಯ್ಯ ಫಾರೆಸ್ಟಿನಲ್ಲಿ ವಾಚರ್ ಆಗಿದ್ದವನು. ಬಂಡೀಪುರದ ಮದ್ದೂರು ರೇಂಜಿನ ಕಾಡೊಳಗಿನ ಕ್ಯಾಂಪಿನಲ್ಲಿದ್ದಾಗ ಹೆಣ್ಣುಮಗು ಹುಟ್ಟಿದ ಸುದ್ದಿ ಬಂತಂತೆ. ಅದೇ ಹೊತ್ತಿಗೆ ಕ್ಯಾಂಪಿನ ರೇಡಿಯೋದಲ್ಲಿ ಯಾರೋ 'ಈಗ ಶಿವರಂಜಿನಿ' ಅಂದರು. ಅಂದ ತಕ್ಷಣ ಒಬ್ಬ ಹೆಂಗಸು ಹಾಡತೊಡಗಿದಳು. ಹಾಡುತ್ತಿರುವವಳ ಹೆಸರೇ ಶಿವರಂಜಿನಿ ಎಂದುಕೊಂಡ ಚಿಕ್ಕಬೀರಯ್ಯ ಅದನ್ನೇ ಮಗಳಿಗೆ ಇಟ್ಟ. ಆರು ವರ್ಷದ ಮೇಲೆ ಶಾಲೆಗೆ ಸೇರಿಸಲು ಹೋದಾಗ ಹೆಡ್‌ಮಾಸ್ಟರು ನಕ್ಕು, "ಇದು ರಾಗದ ಹೆಸರು ಕಣಯ್ಯ, ಹಾಡೋಳ ಹೆಸರಲ್ಲ" ಎಂದರು. "ರಾಗ ಅಂದ್ರೂ ಆಡೇ ತಾನೆ ಸಾ, ಬರ್ಕಳಿ" ಎಂದು ಚಿಕ್ಕಬೀರಯ್ಯ ಸಹಿ ಹಾಕಿ ಬಂದ.

ಊರು ಮುದ್ದಯ್ಯನಹುಂಡಿ. ಗುಂಡ್ಲುಪೇಟೆಯಿಂದ ಕೇರಳದ ಕಡೆಗೆ ಹೋಗುವ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಸಿಗುವ ಕಾಡಂಚಿನ ಊರು. ಶಿವರಂಜಿನಿ ಶಾಲೆಯಲ್ಲಿ ಹಾಡಿದಳು, ಕಾಲೇಜಿನಲ್ಲಿ ಹಾಡಿದಳು. ಆಮೇಲೆ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಹಾಡಿದಳು. ಅಲ್ಲಿ ಮುಖ್ಯ ಗಾಯಕಿ ಮೈಸೂರಿನಿಂದ ಬರುತ್ತಿದ್ದಳು. ಶಿವರಂಜಿನಿಗೆ ಕೋರಸ್ಸು. ಅವಳು ಮೈಕಿನ ಹತ್ತಿರ ಬಂದಾಗಲೆಲ್ಲ ಸೌಂಡಿನವನು ಓಡಿಬಂದು, "ಮೇಡಂ, ಒಂದ್ ನಾಕ್ ಹೆಜ್ಜೆ ಹಿಂದಕ್ಕೆ" ಎನ್ನುತ್ತಿದ್ದ. ಎಂಟು ವರ್ಷ ಹೀಗೆ ನಾಲ್ಕು ಹೆಜ್ಜೆ ಹಿಂದೆಯೇ ನಿಂತಳು. ಇಪ್ಪತ್ತೇಳು ತುಂಬಿದ ವಾರ ಮನೆಯಲ್ಲಿ, ತಾನು ಸ್ವಂತ ಹಾಡು ಮಾಡುವುದಾಗಿಯೂ ಅದಕ್ಕೆ ಸಿಂಗಲ್ ಅನ್ನುತ್ತಾರೆಂದೂ, ಮೊದಲ ಸಿಂಗಲ್ ಹಿಟ್ ಆದರೆ ಉಳಿದದ್ದೆಲ್ಲ ತಾನಾಗಿ ಆಗುತ್ತದೆಂದೂ ಹೇಳಿದಳು.

ಅವ್ವ ಯಶೋದಮ್ಮ ಇದನ್ನು ನಲ್ಲಿ ಹತ್ತಿರ ಹೇಳಿದಳು. "ನನ್ ಮಗಳು ಸಿಂಗಲ್ ಬುಡ್ತಾಳಂತೆ ಕಣಕ್ಕ."

"ಬುಡ್ಲಿ ಕಣವ್ವ, ಒಳ್ಳೇದೇ" ಎಂದಳು ನೀರಿಗೆ ನಿಂತಿದ್ದವಳು. "ಇಪ್ಪತ್ತೇಳಾಯ್ತು. ಇನ್ನೆಷ್ಟು ದಿನ ಸಿಂಗಲ್ಲಾಗೇ ಇದ್ದಾಳು? ಗಂಡು ನೋಡಿ."

ಹಾಡನ್ನು ಶಿವರಂಜಿನಿಯೇ ಬರೆದಳು. ಹುಡುಗಿ ಹುಡುಗನನ್ನು ಕರೆಯುವ ಹಾಡು. 'ಬೇಲಿ ದಾಟಿ ಬಾರೋ, ಬೇಗ ಬೇಗ ಬಾರೋ, ಕಾದು ಕಾದು ಸೋತೆ, ಕಾವಲ್ಯಾರೂ ಇಲ್ಲೋ' ಎಂಬುದು ಪಲ್ಲವಿ. ರೆಕಾರ್ಡಿಂಗು ಆದದ್ದು ಚಾಮರಾಜನಗರದಲ್ಲಿ, ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿದ್ದ ರವಿಕುಮಾರನ ಸ್ಟುಡಿಯೋದಲ್ಲಿ. ರವಿಕುಮಾರ ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದ, ಚುನಾವಣೆ ಬಂದಾಗ ಆಟೋ ಮೈಕಿಗೆ ಪ್ರಚಾರ ರೆಕಾರ್ಡ್ ಮಾಡುತ್ತಿದ್ದ. ಮನಸ್ಸು ಮಾತ್ರ ಸಂಗೀತ ನಿರ್ದೇಶನದಲ್ಲಿತ್ತು. ಹಾಡಿನಲ್ಲಿ ಜನ ಮರೆಯದಂಥ ಒಂದು ಸದ್ದು ಇರಲೇಬೇಕು ಎಂದು ಅವನು ಕೀಬೋರ್ಡಿನಲ್ಲಿ ಎರಡು ದಿನ ಹುಡುಕಿ ಒಂದನ್ನು ತೆಗೆದ. ಕುಕ್ಕರಿನ ಸೀಟಿಗೂ ಎತ್ತಿನ ಗಾಡಿಯ ಒಣ ಅಚ್ಚಿಗೂ ನಡುವಿನ ಸದ್ದು ಅದು. 'ಟೂಂಯ್' ಎಂದು ಪ್ರತಿ ಪಲ್ಲವಿಯ ಕೊನೆಗೆ ಬರುತ್ತಿತ್ತು. ಶಿವರಂಜಿನಿ ಗಾಜಿನ ಆಚೆ ನಿಂತು ಹಾಡಿದಳು. ಎಂಟು ವರ್ಷದ ಕೋರಸ್ಸಿನ ಸಿಟ್ಟನ್ನೆಲ್ಲ ಕೊನೆಯ 'ಬಾರೋ'ಗೆ ಹಾಕಿದಳು. ಹಿಂದಕ್ಕೆ ಹೋಗಿ ಎನ್ನಲು ಅಲ್ಲಿ ಯಾರೂ ಇರಲಿಲ್ಲ. ರವಿಕುಮಾರ ಕಿವಿಯ ಹೆಡ್‌ಫೋನನ್ನು ಒಂದು ಇಂಚು ಸರಿಸಿ, "ಸೂಪರ್ ಮೇಡಂ" ಎಂದ.

ವಿಡಿಯೋ ತೆಗೆದದ್ದು ರಸ್ತೆ ಬದಿಯ ಚೆಂಡುಹೂವಿನ ಹೊಲದಲ್ಲಿ. ಹಿಂದೆ ಗೋಪಾಲಸ್ವಾಮಿ ಬೆಟ್ಟ ಕಾಣಬೇಕಿತ್ತು. ಅವತ್ತು ಬೆಟ್ಟವೇ ಮೋಡದೊಳಗಿತ್ತು. ಅದರ ಬದಲು ಫೋಟೋಗೆ ನಿಂತ ಕೇರಳದ ಒಂದು ಕುಟುಂಬ ಹಾಡಿನುದ್ದಕ್ಕೂ ಕಾಣುತ್ತದೆ.

ಹಾಡು ಯೂಟ್ಯೂಬಿಗೆ ಹೋಗಿ ಒಂದು ತಿಂಗಳಾದ ಮೇಲೆ ಮುನ್ನೂರ ಹನ್ನೆರಡು ವ್ಯೂಸ್ ಬಂದಿದ್ದವು. ಅದರಲ್ಲಿ ಎಷ್ಟು ಸಲ ತಾನೇ ಎನ್ನುವುದನ್ನು ಶಿವರಂಜಿನಿ ಎಣಿಸಲಿಲ್ಲ. ಕೆಳಗೆ ಬಂದಿದ್ದ ಆರು ಕಾಮೆಂಟುಗಳಲ್ಲಿ ನಾಲ್ಕು ವನಿತಾಳವು. ವನಿತಾ ಅವಳ ಶಾಲೆಯ ಗೆಳತಿ, ಅದೇ ಊರಿನ ನಿಂಗಯ್ಯನ ಸೊಸೆ.

ಹಾಡಿನ ಹಣೆಬರಹ ಬದಲಾದದ್ದು ಈ ವನಿತಾಳಿಂದಲೇ.

ನಿಂಗಯ್ಯನದು ಕಾಡಿಗೆ ಅಂಟಿಕೊಂಡ ಜಮೀನು. ಆ ವರ್ಷ ಮುಸುಕಿನ ಜೋಳ ಹಾಕಿದ್ದ. ಜೋಳ ಹಾಲುಗಟ್ಟಿದ ದಿನದಿಂದ ಕಾಡುಹಂದಿಗಳಿಗೆ ಅಲ್ಲೇ ಊಟ. ಅವನ್ನು ಓಡಿಸಲು ಅವನು ಪೇಟೆಯಿಂದ ಬ್ಯಾಟರಿಯ ಒಂದು ಮೈಕ್ ಪೆಟ್ಟಿಗೆ ತಂದು ಹೊಲದಲ್ಲಿ ಕಟ್ಟಿದ್ದ. ಪೆನ್‌ಡ್ರೈವ್ ಹಾಕಿದರೆ ಬೆಳತನಕ ಕೂಗುವಂಥದ್ದು. ಅಂಗಡಿಯವನು ಅದರೊಳಗೆ ಹುಲಿ ಗರ್ಜನೆ ತುಂಬಿಸಿ ಕೊಟ್ಟಿದ್ದ. ಬಂಡೀಪುರದ ನಿಜವಾದ ಹುಲಿಯನ್ನೇ ದಿನಾ ಕೇಳುವ ಹಂದಿಗಳು ಇದಕ್ಕೆ ಎರಡು ದಿನ ಮರ್ಯಾದೆ ಕೊಟ್ಟು ಮೂರನೆಯ ದಿನ ಪೆಟ್ಟಿಗೆಯ ಕಂಬಕ್ಕೇ ಬೆನ್ನು ತಿಕ್ಕಿ ಹೋದವು. ನಿಂಗಯ್ಯ ರೋಸಿಹೋಗಿ, "ವನಿತಾ, ಇದ್ರೊಳಗೆ ಬೇರೆ ಏನಾರ ಆಕವ್ವ. ಏನಾದ್ರೂ ಸರಿ" ಎಂದು ಪೆನ್‌ಡ್ರೈವನ್ನು ಸೊಸೆಯ ಕೈಗೆ ಕೊಟ್ಟ. ವನಿತಾಳ ಲ್ಯಾಪ್‌ಟಾಪಿನಲ್ಲಿದ್ದದ್ದು ಒಂದೇ ಹಾಡು. ಗೆಳತಿಯ ಹಾಡು ಒಂದು ಕಡೆಯಾದರೂ ಮೈಕಿನಲ್ಲಿ ಬರಲಿ ಎಂಬ ಆಸೆಯೂ ಅವಳಿಗಿತ್ತು. ಅದನ್ನೇ ಹಾಕಿಕೊಟ್ಟಳು.

ಬೆಳಗ್ಗೆ ನಿಂಗಯ್ಯ ಹೋಗಿ ನೋಡಿದರೆ ಒಂದು ತೆನೆಯೂ ಮುರಿದಿರಲಿಲ್ಲ. ಎರಡನೆಯ ದಿನವೂ ಇಲ್ಲ, ವಾರವಾದರೂ ಇಲ್ಲ. ಎಂಟನೆಯ ದಿನ ಅವನು ಒಂದು ಬಾಳೆಗೊನೆ ಹೊತ್ತುಕೊಂಡು ಚಿಕ್ಕಬೀರಯ್ಯನ ಜಗುಲಿಗೆ ಬಂದ. ಶಿವರಂಜಿನಿ ಕ್ಲಿನಿಕ್ಕಿಗೆ ಹೊರಡುತ್ತಿದ್ದಳು.

"ಏನವ್ವ, ನಿನ್ ಆಡು!" ಎಂದ ನಿಂಗಯ್ಯ. "ಎಂಥಾ ಆಡು ಕಣಮ್ಮಿ ಅದು!"

ಅವಳ ಎದೆ ಹಿಗ್ಗಿತು. ಊರಿನ ಹಿರಿಯನೊಬ್ಬ ಅವಳ ಹಾಡನ್ನು ಕೇಳಿ ಮನೆಬಾಗಿಲಿಗೆ ಬಂದದ್ದು ಅದೇ ಮೊದಲು. "ಕೇಳುದ್ರಾ ದೊಡ್ಡಪ್ಪ? ಚೆನ್ನಾಗಿತ್ತಾ?" ಎಂದಳು.

"ನಾನೆಲ್ಲವ್ವ ಕೇಳ್ದೆ, ನಾನ್ ಮನೇಲಿ ಮನಿಕಂಡಿದ್ದೆ. ಅಂದಿ ಕೇಳವೆ. ಒಂದೇ ಒಂದು ಅಂದಿ ಬೇಲಿ ತವು ಸುಳೀನಿಲ್ಲ ಕಣವ್ವ, ಎಂಟು ದಿನದಿಂದ!"

ಶಿವರಂಜಿನಿ ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ಒಂದನ್ನೇ ಹಾಕಿಕೊಂಡು ನಿಂತುಬಿಟ್ಟಳು. ಅವಳು ಬಸ್ಸಿನಿಂದಲೇ ರವಿಕುಮಾರನಿಗೆ ಫೋನ್ ಮಾಡಿ ತರಾಟೆಗೆ ತೆಗೆದುಕೊಂಡಳು. ಆ ಟೂಂಯ್ ಸದ್ದು ಬೇಡವೆಂದು ಆವತ್ತೇ ಬಡಕೊಂಡಿದ್ದೆ, ಈಗ ನೋಡು ಹಂದಿ ಓಡಿಹೋಗುತ್ತಿವೆ ಎಂದಳು. ರವಿಕುಮಾರನಿಗೂ ಸಿಟ್ಟು ಬಂತು. "ನನ್ನ ಮ್ಯೂಸಿಕ್ಕಿಂದ ಇವತ್ತಿನವರೆಗೂ ಯಾವ ಪ್ರಾಣೀನೂ ಓಡಿಲ್ಲ ಮೇಡಂ. ಕೊನೇಲಿ ನೀವು ಬಾರೋ ಅಂತ ಎಳೆದ್ರಲ್ಲ, ಅದನ್ನ ಒಂದ್ಸಲ ಕೇಳ್ಕೊಳ್ಳಿ" ಎಂದು ಫೋನಿಟ್ಟ.

ಸುದ್ದಿಗೆ ಬೇಲಿಯಿಲ್ಲ. ತಿಂಗಳೊಪ್ಪತ್ತಿನಲ್ಲಿ ಕಾಡಂಚಿನ ಊರುಗಳಿಂದ ಜನ ಪೆನ್‌ಡ್ರೈವ್ ಹಿಡಿದು ಚಿಕ್ಕಬೀರಯ್ಯನ ಮನೆ ಹುಡುಕಿಕೊಂಡು ಬರತೊಡಗಿದರು. ಹಾಡಿನ ಹೆಸರು ಯಾರಿಗೂ ಗೊತ್ತಿರಲಿಲ್ಲ. 'ಅಂದಿ ಆಡು' ಅಂದರೆ ಎಲ್ಲರಿಗೂ ಗೊತ್ತು. ಶುಂಠಿ ಬೆಳೆಯಲು ಜಮೀನು ಗುತ್ತಿಗೆ ಹಿಡಿದಿದ್ದ ಒಬ್ಬ ಮಲಯಾಳಿ ಬಂದು, "ಪನ್ನಿ ಪಾಟ್ಟ್, ಅದೇ ಹಂದಿ ಹಾಡು, ಇಲ್ಲೇ ಸಿಗೋದಾ?" ಎಂದು ವಿಚಾರಿಸಿ, ವಯನಾಡಿನ ತನ್ನ ಅಣ್ಣನಿಗೂ ಸೇರಿಸಿ ಎರಡು ಪ್ರತಿ ಒಯ್ದ. ಹೀಗೆ ಹಾಡು ರಾಜ್ಯದ ಗಡಿಯನ್ನೂ ದಾಟಿತು. ಶಿವರಂಜಿನಿ ಒಂದು ಸಂಜೆ ಕ್ಲಿನಿಕ್ಕಿನಿಂದ ಬಸ್ಸಿಳಿದು ಊರಿಗೆ ನಡೆದು ಬರುವಾಗ ಆಗಷ್ಟೇ ಪೆಟ್ಟಿಗೆಗಳನ್ನು ಹಚ್ಚುತ್ತಿದ್ದರು. ಎಡಗಡೆಯ ಅರಿಶಿನದ ಹೊಲದಲ್ಲಿ ಅವಳು ಪಲ್ಲವಿಯಲ್ಲಿದ್ದಳು, ಬಲಗಡೆಯ ಕಡಲೆಕಾಯಿಯಲ್ಲಿ ಚರಣದಲ್ಲಿದ್ದಳು, ದೂರದ ಬಾಳೆಯಲ್ಲಿ ಆಗತಾನೆ ಶುರುವಾಗುತ್ತಿದ್ದಳು. ಯಾವ ಗಾಯಕಿಗೂ ಸಿಗದ ಪ್ರಚಾರ. ಅವಳು ದುಪಟ್ಟಾದಲ್ಲಿ ಕಿವಿ ಮುಚ್ಚಿಕೊಂಡು ಮನೆ ಸೇರಿದಳು.

ಅದೇ ದಿನಗಳಲ್ಲಿ ತೆರಕಣಾಂಬಿ ಕಡೆಯಿಂದ ಗಂಡಿನವರು ಅವಳನ್ನು ನೋಡಲು ಬಂದರು. ಉಪ್ಪಿಟ್ಟು, ಕೇಸರಿಬಾತು ತಿಂದರು. ಗಂಡಿನ ತಂದೆ, ಹುಡುಗಿ ಹಾಡುತ್ತಾಳಂತೆ ಎಂದು ವಿಚಾರಿಸಿದರು. ಯಾವ ಹಾಡು ಎಂದು ಯಶೋದಮ್ಮ ಹೇಳುತ್ತಲೇ ಅವರ ಮುಖ ಅರಳಿತು. ತಮ್ಮದೂ ಕಾಡಂಚಿನ ಜಮೀನೇ, ಗೆಣಸು ಹಾಕಿದ್ದೇವೆ ಎಂದರು. ಹುಡುಗಿಯ ವಿಷಯ ಮನೆಯಲ್ಲಿ ಮಾತಾಡಿ ತಿಳಿಸುತ್ತೇವೆ ಎಂದು ಹೇಳಿ ಎದ್ದರು. ಪೆನ್‌ಡ್ರೈವ್ ಮಾತ್ರ ಅವತ್ತೇ ತೆಗೆದುಕೊಂಡು ಹೋದರು. ಆಮೇಲೆ ಅವರ ಸುದ್ದಿಯೇ ಇಲ್ಲ.

ಕ್ಲಿನಿಕ್ಕಿನಲ್ಲೂ ನೆಮ್ಮದಿಯಿರಲಿಲ್ಲ. ಒಂದು ಸೋಮವಾರ 'ಇಪ್ಪತ್ತೊಂದು' ಎಂದು ಅವಳು ಕೂಗಿದಾಗ ಬೆಂಚಿನ ತುದಿಯಲ್ಲಿ ತೂಕಡಿಸುತ್ತಿದ್ದ ಮುದುಕರೊಬ್ಬರು ತಟ್ಟನೆ ಎಚ್ಚರಾಗಿ ಅತ್ತಿತ್ತ ನೋಡಿದರು.

"ಈ ದನಿ ನಮ್ ಜಮೀನ್ದಲ್ಲವಾ?"

ಅಲ್ಲಿದ್ದವರೆಲ್ಲ ನಕ್ಕರು. ಶಿವರಂಜಿನಿ ತಲೆ ಬಗ್ಗಿಸಿ ಚೀಟಿ ಬರೆಯತೊಡಗಿದಳು. ಮುದುಕರು ನಗಲಿಲ್ಲ. ಕೋಲೂರಿಕೊಂಡು ಮೇಜಿನ ಹತ್ತಿರ ಬಂದು ನಿಂತರು.

"ನೀನೇನವ್ವ ಅದು? ನಾನು ಮರದ್ ಮ್ಯಾಲೆ ಮಂಚಿಕೆ ಕಟ್ಕಂಡು ಕಾವಲು ಕಾದು ಕಾದು ಹದಿನಾರು ವರ್ಸ ಆಗಿತ್ತು. ಫಸಲು ಬಂದಾಗ ಒಂದಿನಾನೂ ಮನೇಲಿ ಮನಗ್ನಿಲ್ಲ. ಈ ಸರ್ತಿ ಮನಗ್ದೆ ಕಣವ್ವ. ನಿದ್ದೆ ಬರ್ನಿಲ್ಲ, ಅಬ್ಯಾಸ ತಪ್ಪೋಗದೆ. ಆದ್ರೂ ಮನಗ್ದೆ."

ಅವರು ಜೇಬಿನಿಂದ ಎರಡು ಸೀಬೆಹಣ್ಣು ತೆಗೆದು ಮೇಜಿನ ಮೇಲಿಟ್ಟರು. ಶಿವರಂಜಿನಿ ಬಿ.ಪಿ. ಜಾಸ್ತಿಯಿದ್ದ ಆ ಮುದುಕರನ್ನು ಸರದಿ ತಪ್ಪಿಸಿ ಮೊದಲು ಒಳಗೆ ಕಳಿಸಿದಳು. ಅವತ್ತು ಸಂಜೆ ದುಪಟ್ಟಾ ಕಿವಿಗೆ ಕಟ್ಟಿಕೊಳ್ಳದೆ ಮನೆಗೆ ನಡೆದಳು.

ಇಷ್ಟು ಹೊತ್ತಿಗೆ ಒಂದು ಲೋಕಲ್ ಚಾನೆಲ್ಲಿನವರು ರವಿಕುಮಾರನ ಸ್ಟುಡಿಯೋಗೆ ಬಂದು ಹೋದರು. ಅದರಲ್ಲಿ ರವಿಕುಮಾರ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೀಬೋರ್ಡಿನ ಮುಂದೆ ಕುಳಿತು, ಪ್ರಾಣಿಗಳ ಕಿವಿಗೆ ಹೊಂದುವ ಫ್ರೀಕ್ವೆನ್ಸಿಯನ್ನು ತಾನು ಎರಡು ದಿನ ಸಂಶೋಧನೆ ಮಾಡಿ ಕಂಡುಹಿಡಿದೆನೆಂದೂ, ಟೂಂಯ್ ಎಂಬ ಆ ನಾದವೇ ಹಾಡಿನ ಜೀವಾಳವೆಂದೂ ಹೇಳಿದ. ಗಾಯಕಿ ಯಾರು ಎಂದು ಕೇಳಿದ್ದಕ್ಕೆ, "ಒಬ್ಬರು ಲೋಕಲ್ ಮೇಡಂ" ಎಂದ.

ಕ್ಲಿನಿಕ್ಕಿನ ಟಿ.ವಿ.ಯಲ್ಲೇ ಶಿವರಂಜಿನಿ ಇದನ್ನು ನೋಡಿದಳು. ತಿಂಗಳ ಹಿಂದೆ ಯಾವುದನ್ನು ಅವನ ತಲೆಗೆ ಕಟ್ಟಲು ನೋಡಿದ್ದಳೋ ಅದನ್ನೇ ಅವನಿಂದ ಕಿತ್ತುಕೊಳ್ಳಬೇಕೆಂಬ ಹಟ ಬಂತು. ಫೋನ್ ಮಾಡಿ, "ಹಂದಿ ಓಡಿರೋದು ನನ್ನ ಕಂಠಕ್ಕೆ" ಎಂದಳು. ಹೇಳಿದ ಮೇಲೆ ತಾನು ಹೇಳಿದ್ದೇನು ಎಂದು ಅವಳಿಗೇ ಒಂದು ಕ್ಷಣ ಹೊಳೆಯಿತು, ಆದರೆ ಹಿಂದೆಗೆಯಲಿಲ್ಲ. ರವಿಕುಮಾರನೂ ಬಿಡಲಿಲ್ಲ. ಪರೀಕ್ಷೆಯೇ ಆಗಿಹೋಗಲಿ ಎಂದು ಸಲಹೆ ಕೊಟ್ಟವಳು ವನಿತಾ. ನಿಂಗಯ್ಯನ ಜಮೀನಿನಲ್ಲಿ ಬರೀ ಮ್ಯೂಸಿಕ್ಕು, ಪಕ್ಕದ ಚಿಕ್ಕಬೀರಯ್ಯನ ಜಮೀನಿನಲ್ಲಿ ಬರೀ ಶಿವರಂಜಿನಿಯ ದನಿ. ಎರಡೂ ಕಡೆ ಅದೇ ಜೋಳ, ಅದೇ ಕಾಡು, ಅವೇ ಹಂದಿ.

ಮಾರನೆಯ ಬೆಳಗ್ಗೆ ಫಲಿತಾಂಶ ನೋಡಲು ಅರ್ಧ ಊರೇ ನೆರೆದಿತ್ತು. ರವಿಕುಮಾರ ಚಾಮರಾಜನಗರದಿಂದ ಮೊದಲ ಬಸ್ಸಿಗೇ ಬಂದಿದ್ದ. ನಿಂಗಯ್ಯನ ಹೊಲದಲ್ಲಿ ನೋಡುವುದಕ್ಕೆ ಹೆಚ್ಚೇನೂ ಇರಲಿಲ್ಲ. ಮೂರು ಸಾಲು ಜೋಳ ನೆಲಕಚ್ಚಿತ್ತು. ನಿಂಗಯ್ಯ ಒಂದು ಖಾಲಿ ದಿಂಡನ್ನು ಎತ್ತಿ ರವಿಕುಮಾರನ ಕೈಗೆ ಕೊಟ್ಟು, "ತಕೊ, ಇಟ್ಕೊ" ಎಂದ.

ಚಿಕ್ಕಬೀರಯ್ಯ ಆಗಲೇ ತನ್ನ ಬೇಲಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ನೆಲ ನೋಡುತ್ತಿದ್ದ. ಮೂವತ್ತು ವರ್ಷ ಹೆಜ್ಜೆಗುರುತು ಓದಿದವನು. ಕಡ್ಡಿಯೊಂದರಿಂದ ಮಣ್ಣಿನಲ್ಲಿ ತೋರಿಸುತ್ತ ಹೋದ. "ಇಲ್ಲಿಗಂಟ ಬಂದವೆ. ಏಳೋ ಎಂಟೋ. ಒಂದು ದೊಡ್ಡ ಅಂದಿ ಅದೆ. ಮರಿಗಳೂ ಅವೆ. ಇಲ್ಲಿ ನಿಂತವೆ." ಕಡ್ಡಿಯನ್ನು ಅಲ್ಲೇ ನೆಟ್ಟ. "ಬೋ ಹೊತ್ತು ನಿಂತವೆ ಕಣಮ್ಮಿ. ಅಲ್ಲಾಡ್ದೆ. ಆಮ್ಯಾಕೆ ತಿರ್ಗಿ ಓಗವೆ."

"ಓಡೋಗವಾ ಅಪ್ಪಯ್ಯ?" ಎಂದಳು ಶಿವರಂಜಿನಿ.

"ಇಲ್ಲ. ಓಡುದ್ರೆ ಗೊರಸು ಆಳಕ್ಕೆ ಓಗಿರದು. ನಡ್ಕಂಡೇ ಓಗವೆ."

ಅಷ್ಟರಲ್ಲಿ ಗಲಾಟೆ ಎದ್ದಿತ್ತು. ಗೆದ್ದದ್ದು ಶಿವರಂಜಿನಿ ಎಂದು ಎಲ್ಲರೂ ಒಪ್ಪಿದರು. ಹಂದಿಗೆ ಸಹಿಸಲಾಗದ್ದು ಅವಳ ದನಿಯೇ ಎಂಬುದು ಊರ ಮುಂದೆ, ಎರಡು ಜಮೀನಿನ ಸಾಕ್ಷಿಯಲ್ಲಿ ರುಜುವಾತಾಗಿತ್ತು. ವನಿತಾ ಅವಳನ್ನು ತಬ್ಬಿಕೊಂಡಳು. ರವಿಕುಮಾರನಿಗೂ ಸೋತ ಮುಖವಿರಲಿಲ್ಲ. ಖಾಲಿ ದಿಂಡನ್ನು ತಿರುಗಿಸಿ ನೋಡುತ್ತ, "ಅಂದ್ರೆ ಬರೀ ಮ್ಯೂಸಿಕ್ ಹಾಕಿದ್ರೆ ಕೂತು ಕೇಳ್ತವೆ ಅಂತಾಯ್ತು. ಊಟ ಮಾಡ್ತಾ ಕೇಳೋದು ಅಂದ್ರೆ ಸುಮ್ನೆನಾ?" ಎಂದ. ಶಿವರಂಜಿನಿ ಗೆದ್ದದ್ದಕ್ಕೆ ಎಲ್ಲರ ಜೊತೆ ನಕ್ಕಳು. ಅವತ್ತು ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಗುಂಡ್ಲುಪೇಟೆ ಬರುವವರೆಗೆ ಅಪ್ಪ ಹೇಳಿದ 'ಬೋ ಹೊತ್ತು ನಿಂತವೆ' ಎಂಬುದನ್ನೇ ಮೆಲುಕು ಹಾಕಿದಳು.

ಆಮೇಲಿನ ತಿಂಗಳು ಚಾಮರಾಜನಗರದ ಕಲ್ಯಾಣ ಮಂಟಪವೊಂದರಲ್ಲಿ ರೈತರ ಸಮಾವೇಶ. ಬೆಳೆ ಉಳಿಸಿದ ಗಾಯಕಿಗೆ ಸನ್ಮಾನ ಎಂದು ಕಾರ್ಡಿನಲ್ಲೇ ಅಚ್ಚು ಹಾಕಿಸಿದ್ದರು. ಅವಳ ಹೆಸರು 'ಶಿವರಾಜಿನಿ' ಎಂದಾಗಿತ್ತು. ಯಶೋದಮ್ಮ ಮಗಳಿಗೆ ತನ್ನ ಮದುವೆಯ ರೇಷ್ಮೆ ಸೀರೆ ಉಡಿಸಿದಳು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದವು. ಭಾಷಣ ಮಾಡಿದವರು, ಸರ್ಕಾರ ಮಾಡದ ಕೆಲಸವನ್ನು ಈ ಹೆಣ್ಣುಮಗಳ ಗಂಟಲು ಮಾಡಿದೆ ಎಂದರು. ಚಪ್ಪಾಳೆ ಬಿತ್ತು. ಆಗ ಯಾರೋ ಹಿಂದಿನಿಂದ, "ಒಂದ್ಸಲ ಆಡ್ಲಿ ಸಾ!" ಎಂದು ಕೂಗಿದರು.

ಮೈಕು ಅವಳ ಕೈಗೆ ಬಂತು. ನಾನೂರು ಜನ ಕುಳಿತಿದ್ದರು. ಹೆಚ್ಚಿನವರು ಐವತ್ತು ದಾಟಿದ ಗಂಡಸರು, ಹೆಗಲ ಮೇಲೆ ಟವೆಲ್ಲು, ಕಾಲ ಕೆಳಗೆ ಚಪ್ಪಲಿ ಬಿಟ್ಟವರು. ಇವರ ಮುಂದೆ 'ಬೇಲಿ ದಾಟಿ ಬಾರೋ' ಎಂದು ಹುಡುಗನನ್ನು ಕರೆಯುವುದು ಹೇಗೆ ಎಂದು ಅವಳಿಗೆ ಬೆವರಿತು. ಎಂಟು ವರ್ಷದ ಅಭ್ಯಾಸಕ್ಕೆ ಕಾಲು ತಾನಾಗಿ ಹಿಂದೆ ಸರಿಯಿತು. ನಾಲ್ಕು ಹೆಜ್ಜೆ ಹಿಂದೆ ಹೋಗಿ, ಮೈಕು ಕೈಯಲ್ಲೇ ಇದೆಯೆಂದು ನೆನಪಾಗಿ ನಿಂತು, ಕಣ್ಣು ಮುಚ್ಚಿ ಶುರುಮಾಡಿದಳು.

ಎರಡನೆಯ ಸಾಲಿಗೆ ಸದ್ದೊಂದು ಕೇಳಿತು. ಅಣಕಿಸುತ್ತಿದ್ದಾರೆ ಎಂದುಕೊಂಡು ಕಣ್ಣು ಬಿಟ್ಟಳು. ಮುಂದಿನ ಸಾಲಿನವರು ಜೊತೆಗೆ ಹಾಡುತ್ತಿದ್ದರು. ಎರಡು ತಿಂಗಳು ದಿನವೂ ಕಿವಿಗೆ ಬಿದ್ದು ಒಂದಕ್ಷರ ಬಿಡದೆ ಎಲ್ಲರಿಗೂ ಬಾಯಿಪಾಠವಾಗಿತ್ತು. ಎರಡನೆಯ ಚರಣ ಅವಳಿಗೇ ಒಂದು ಕಡೆ ಮರೆತು ತಡವರಿಸಿದಾಗ ಸಭೆಯೇ ಮುಂದುವರಿಸಿತು. ಪಲ್ಲವಿಯ ಕೊನೆಗೆ ನಾನೂರು ಜನ ರೈತರು ಒಟ್ಟಿಗೆ 'ಟೂಂಯ್' ಎಂದರು. ಮಂಟಪದ ಬಾಗಿಲಲ್ಲಿ ನಿಂತು ವಿಡಿಯೋ ಮಾಡುತ್ತಿದ್ದ ರವಿಕುಮಾರ ಕ್ಯಾಮೆರಾ ಕೆಳಗಿಳಿಸಿ ಕಣ್ಣೊರೆಸಿಕೊಂಡ. ಇಷ್ಟಪಟ್ಟು ಕೇಳಿದವರು ಅಲ್ಲಿ ಒಬ್ಬರೂ ಇರಲಿಲ್ಲ ಎಂದು ಶಿವರಂಜಿನಿಗೆ ಗೊತ್ತಿತ್ತು. ಆದರೂ ಕೊನೆಯ 'ಬಾರೋ'ವನ್ನು ಅವಳು ಎಳೆದಷ್ಟು ಹೊತ್ತು ಅವರೂ ಎಳೆದರು. ಅಂಥ ಐದು ನಿಮಿಷ ಎಷ್ಟು ಜನಕ್ಕೆ ಸಿಗುತ್ತದೆ?

ಖ್ಯಾತಿ ಇಳಿದದ್ದು ಏರಿದಷ್ಟೇ ಬೇಗ. ಮುಂದಿನ ಫಸಲಿಗೆ ಹಂದಿಗಳು ಮರಳಿದವು. ಮೊದಲು ಬೇಲಿಯ ಹೊರಗೆ, ಆಮೇಲೆ ಬೇಲಿಯ ಒಳಗೆ. ನಿಂಗಯ್ಯ ಈ ಸಲ ಬರಿಗೈಯಲ್ಲಿ ಬಂದು ಜಗುಲಿಯ ಅಂಚಿಗೆ ಕುಳಿತ.

"ಬೇಜಾರ್ ಮಾಡ್ಕಬ್ಯಾಡ ಕಣವ್ವ. ಅವಕ್ಕೆ ನಿನ್ ಆಡು ಇಡುಸ್ಬುಡ್ತು ಅಂತ ಕಾಣ್ತದೆ. ಪೆಟ್ಗೆ ಆಕುದ್ ತಕ್ಷಣ ಬತ್ತವೆ. ಆಕ್ದೇ ಇದ್ದೋರ ಜಮೀನ್ಗೆ ಓಯ್ತಿಲ್ಲ, ಆಕಿರೋ ಕಡೆನೇ ಬತ್ತವೆ. ಇಲ್ಲಿ ಜೋಳ ಅದೆ ಅಂತ ನಾವೇ ಕರ್ದಂಗಾಗದೆ."

ಚಿಕ್ಕಬೀರಯ್ಯ ಹೊಗೆಸೊಪ್ಪು ಮಡಿಸುತ್ತ, "ಪ್ರಾಣಿ ಕಣ್ಲಾ, ಅಭ್ಯಾಸ ಮಾಡ್ಕತವೆ" ಎಂದ.

"ಅದುಕ್ಕೇ ಒಸ ಆಡೊಂದು ಮಾಡ್ಬುಡು ಕಣವ್ವ" ಎಂದ ನಿಂಗಯ್ಯ. "ಎಲ್ರೂ ಅದ್ನೇ ಅಂತಾವ್ರೆ."

ಎರಡನೆಯ ಹಾಡಿಗೆ ಇಂಥ ಬೇಡಿಕೆ ಯಾವ ಹೊಸ ಗಾಯಕಿಗೂ ಬಂದಿರಲಾರದು. ರವಿಕುಮಾರ ದುಡ್ಡೇ ಬೇಡವೆಂದ. ಆದರೆ ಶಿವರಂಜಿನಿ ಈ ಸಲ ಅವಸರ ಮಾಡಲಿಲ್ಲ. ಚಾಮರಾಜನಗರದಲ್ಲಿ ಮಹಾಲಕ್ಷ್ಮಮ್ಮ ಎಂಬ ನಿವೃತ್ತ ಸಂಗೀತದ ಟೀಚರಿದ್ದರು. ಭಾನುವಾರ ಭಾನುವಾರ ಅವರ ಮನೆಗೆ ಹೋಗತೊಡಗಿದಳು. ಮೊದಲ ದಿನ ಅವಳ 'ಸಾ' ಕೇಳಿ ಮಹಾಲಕ್ಷ್ಮಮ್ಮ ಪಕ್ಕದ ಮನೆಯ ಕಿಟಕಿ ನೋಡಿದರು. "ಕಂಠ ಇದೆ ಮಗು, ಬ್ರೇಕ್ ಇಲ್ಲ. ಅದನ್ನ ಹಾಕ್ಕೊಳ್ಳೋಣ" ಎಂದರು. ಐದು ತಿಂಗಳು ಬರೀ ಬ್ರೇಕು ಹಾಕಿಸಿದರು. ಹಾಡನ್ನು ಶಿವರಂಜಿನಿ ಮತ್ತೆ ತಾನೇ ಬರೆದಳು. ಕಾಡಿನ ಕ್ಯಾಂಪಿನಿಂದ ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ ಅಪ್ಪನನ್ನು ಬಾಗಿಲಲ್ಲಿ ಕಾಯುವ ಮಗುವಿನ ಹಾಡು. ರವಿಕುಮಾರ ಟೂಂಯ್ ಇರಲಿ ಎಂದು ಬೇಡಿಕೊಂಡ. ಅವಳು ಒಪ್ಪಲಿಲ್ಲ. "ಮೇಡಂ, ರೈತರು ಕಾಯ್ತಿದಾರೆ. ಸ್ವಲ್ಪ ಕಿರುಚಿದ್ರೆ ಚೆನ್ನಾಗಿರುತ್ತೆ" ಎಂದ. ಅವಳು ಅದಕ್ಕೂ ಒಪ್ಪದೆ ಮೆಲ್ಲಗೆ, ಇದ್ದಲ್ಲೇ ನಿಂತು ಹಾಡಿ ಮುಗಿಸಿದಳು.

ಅದರಾಚೆಯ ಫಸಲಿಗೆ ಹಾಡು ಹೊಲಕ್ಕೆ ಹೋದ ಮಾರನೆಯ ಬೆಳಗ್ಗೆ ನಿಂಗಯ್ಯ ಬಂದ. ಕೈಯಲ್ಲಿ ಪೆನ್‌ಡ್ರೈವ್ ಇತ್ತು. ಶಿವರಂಜಿನಿ ಅವನ ಮುಖ ನೋಡಿಯೇ, "ಬಂದ್ವಾ ದೊಡ್ಡಪ್ಪ?" ಎಂದಳು.

"ಬಂದ್ವು. ಐದು ಸಾಲು ಓಯ್ತು."

ಯಶೋದಮ್ಮ ಒಳಗಿಂದ ಕಾಫಿ ತಂದುಕೊಟ್ಟಳು. ನಿಂಗಯ್ಯ ಅರ್ಧ ಲೋಟ ಕುಡಿದು ಕೆಳಗಿಟ್ಟ. "ನಾನೂ ಒಲದಲ್ಲೇ ಇದ್ದೆ ಕಣವ್ವ ರಾತ್ರಿ. ಒಸ ಆಡು, ಏನ್ ಮಾಡಾದೋ ನೋಡನ ಅಂತ ಓಗಿದ್ದೆ. ಅಂದಿ ಬಂದದ್ದೂ ಕಾಣ್ತು. ಎದ್ದು ಓಡುಸ್ಬೋದಾಗಿತ್ತು. ಆಡು ಮುಗೀಲಿ ಅಂತ ಕೂತಿದ್ದೆ." ಅವನು ತಲೆ ಕೆರೆದುಕೊಂಡ. "ಮುಗ್ದೋದ್ ಮ್ಯಾಲೆ ತಿರ್ಗ ಮೊದಲಿಂದ ಬಂತು. ತಿರ್ಗ ಕೂತ್ಕಂಡೆ. ಬೋ ಚೆನ್ನಾಗ್ ಆಡ್ಬುಟ್ಟಿದ್ದೀಯ ಕಣಮ್ಮಿ. ಇಂಗ್ ಆಡುದ್ರೆ ಎಲ್ಲಿ ಓಡೋದವು?"

ಚಿಕ್ಕಬೀರಯ್ಯ ಗೋಡೆಯ ಕಡೆ ಮುಖ ತಿರುಗಿಸಿ ಕುಳಿತಿದ್ದ. ಆ ಹಾಡನ್ನು ಅವನು ಇನ್ನೂ ಕೇಳಿರಲಿಲ್ಲ. ಕೇಳು ಎಂದು ಮಗಳು ಹೇಳಿರಲಿಲ್ಲ, ಹಾಕು ಎಂದು ಅವನೂ ಕೇಳಿರಲಿಲ್ಲ.

"ನಿಮ್ಮಪ್ಪನ್ ವಿಚಾರ ಅಲ್ವಾ ಅದು?" ಎಂದ ನಿಂಗಯ್ಯ. "ಆಕು, ಇನ್ನೊಂದ್ಸಲ ಕೇಳನ."

ಶಿವರಂಜಿನಿ ಕ್ಲಿನಿಕ್ಕಿಗೆ ಹೊತ್ತಾಗಿದೆ ಎಂದಳು, ಆದರೂ ಫೋನನ್ನು ಕಿಟಕಿಯ ಮೇಲಿಟ್ಟು ಹಾಡು ಹಾಕಿದಳು. ಇಬ್ಬರು ಮುದುಕರೂ ಕೊನೆಯವರೆಗೂ ಅಲ್ಲಾಡದೆ ಕುಳಿತಿದ್ದರು. ಮುಗಿದ ಮೇಲೆ ಚಿಕ್ಕಬೀರಯ್ಯ ಎದ್ದು, ನೊಣ ಹೊಡೆಯುವವನಂತೆ ಟವೆಲ್ಲು ಮುಖದ ಮೇಲೆ ಆಡಿಸಿಕೊಂಡು, "ಬಾಡ್ಗೆ ಆಟೋ ಸಿಗ್ತದ ನೋಡ್ಲಾ ನಿಂಗ, ಮಗೀಗೆ ಬಸ್ಸು ತಪ್ಪೋಯ್ತು" ಎಂದ.

ನಿಂಗಯ್ಯ ಲೋಟದ ಉಳಿದ ಕಾಫಿ ಮುಗಿಸಿ ಎದ್ದ. "ನಾನೂ ಬತ್ತೀನಿ ನಡಿ. ತಾಲ್ಲೂಕಾಪೀಸ್ಗೆ ಓಗ್ಬೇಕು. ತಂತಿ ಬೇಲಿಗೆ ಅರ್ಜಿ ಆಕನ" ಎಂದು ಚಪ್ಪಲಿ ಹುಡುಕತೊಡಗಿದ.